ದಿಲ್ಲಿಗೆ ಗೆಳೆಯರ ದಂಡು: ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ನಾಲ್ಕು ದಿನ

ಮೊದಲ ಸಲ ದಿಲ್ಲಿಗೆ ಹೋದಾಗ ನಾವು ಐದು ಜನ. ಕೈಯಲ್ಲಿ 23 ಜಾಗಗಳ ಪಟ್ಟಿ. ಬೆಳಗ್ಗೆ ಕುತುಬ್ ಮಿನಾರ್, ಮಧ್ಯಾಹ್ನ ಕೆಂಪುಕೋಟೆ, ಸಂಜೆ ಮತ್ತೆ ದಕ್ಷಿಣಕ್ಕೆ ಲೋಟಸ್ ಟೆಂಪಲ್. ಹೀಗೆ ಊರಿನ ಆ ತುದಿಯಿಂದ ಈ ತುದಿಗೆ ಓಡಿದೆವು. ಕೊನೆಗೆ ಲೆಕ್ಕ ಹಾಕಿದರೆ ನೋಡಿದ್ದು ಒಂಬತ್ತೇ ಜಾಗ. ಅದರಲ್ಲೂ ಕೆಂಪುಕೋಟೆಯನ್ನು ಹೊರಗಿನಿಂದ ನೋಡಿದ್ದು. ಅವತ್ತು ಸೋಮವಾರ, ಬಾಗಿಲು ಹಾಕಿತ್ತು.

ಆಮೇಲೆ ಎರಡು ಸಲ ಹೋಗಿ ಬಂದಿದ್ದೇವೆ. ಕಲಿತದ್ದು ಒಂದೇ. ದಿಲ್ಲಿಯನ್ನು ಜಾಗದ ಪಟ್ಟಿ ಹಿಡಿದು ನೋಡೋಕಾಗಲ್ಲ, ದಿಕ್ಕು ಹಿಡಿದು ನೋಡಬೇಕು. ದಿನಕ್ಕೊಂದು ದಿಕ್ಕು. ಆ ದಿಕ್ಕಿಗೆ ಹೋದ ಮೇಲೆ ಅಲ್ಲೇ ತಿನ್ನಿ, ಅಲ್ಲೇ ನಡೆಯಿರಿ, ಕತ್ತಲಾದ ಮೇಲೆ ವಾಪಸ್ ಬನ್ನಿ. ಕೆಳಗಿರುವುದು ನಾಲ್ಕು ದಿನಕ್ಕೆ ಹಾಕಿದ ಲೆಕ್ಕ. ಮೂರೇ ದಿನ ಇದ್ದರೆ ಕೊನೆಯದನ್ನು ಬಿಡಿ. ಆದರೆ ನಾಲ್ಕನ್ನೂ ಮೂರಕ್ಕೆ ತುರುಕಬೇಡಿ.

ಹೆಜ್ಜೆ 1: ತಿಂಗಳು ಮತ್ತು ವಾರ

ಫೆಬ್ರವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ ಹೋಗಿ. ಚಳಿ ಇಳಿದಿರುತ್ತೆ, ಬಿಸಿಲು ಏರಿರಲ್ಲ, ರಸ್ತೆ ಬದಿಯಲ್ಲೆಲ್ಲ ಹೂವು. ಮೇ-ಜೂನ್‌ನಲ್ಲಿ 45 ಡಿಗ್ರಿ ಮುಟ್ಟುವ ದಿನಗಳಿರುತ್ತವೆ, ಬೆಂಗಳೂರಿನವರಿಗೆ ಆಗಿಬರಲ್ಲ. ನವೆಂಬರ್‌ನಲ್ಲಿ ಹವೆ ಚೆನ್ನಾಗಿದ್ದರೂ ಗಾಳಿ ಕೆಟ್ಟಿರುತ್ತೆ. ಆಸ್ತಮಾ ಇರುವ ಗೆಳೆಯ ಜೊತೆಗಿದ್ದರೆ ಆ ತಿಂಗಳು ಬೇಡವೇ ಬೇಡ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮಂಜು. ಒಂದು ಜನವರಿಯಲ್ಲಿ ನಮ್ಮ ರೈಲು ಒಂಬತ್ತು ಗಂಟೆ ತಡವಾಗಿ, ಮೊದಲ ದಿನ ಪೂರ್ತಿ ಬೋಗಿಯಲ್ಲೇ ಕಳೆಯಿತು. ಜನವರಿ 26ರ ಮುಂಚಿನ ದಿನಗಳಲ್ಲಿ ಪೆರೇಡ್ ರಿಹರ್ಸಲ್‌ಗೆ ಇಂಡಿಯಾ ಗೇಟ್ ಸುತ್ತಲಿನ ರಸ್ತೆ ಮುಚ್ಚುತ್ತಾರೆ. ಆಗಸ್ಟ್ 15ರ ಮುಂಚೆ ಕೆಂಪುಕೋಟೆಗೆ ಬಿಡಲ್ಲ.

ಇನ್ನು ವಾರದ ಲೆಕ್ಕ. ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಸೋಮವಾರ ಕೆಂಪುಕೋಟೆ, ಅಕ್ಷರಧಾಮ, ಲೋಟಸ್ ಟೆಂಪಲ್, ನ್ಯಾಷನಲ್ ಮ್ಯೂಸಿಯಂ, ರೈಲು ಮ್ಯೂಸಿಯಂ ಎಲ್ಲಕ್ಕೂ ರಜೆ. ಕುತುಬ್ ಮಿನಾರ್ ಮತ್ತು ಹುಮಾಯೂನನ ಸಮಾಧಿ ವಾರವಿಡೀ ತೆರೆದಿರುತ್ತವೆ. ಹಾಗಾಗಿ ಸೋಮವಾರ ಇವೆರಡರಲ್ಲೊಂದು. ಭಾನುವಾರ ಚಾಂದನಿ ಚೌಕದ ಜಾಸ್ತಿ ಅಂಗಡಿಗಳು ಮುಚ್ಚಿರುತ್ತವೆ, ಹಳೆ ದಿಲ್ಲಿಗೆ ಆ ದಿನ ಬೇಡ. ತಾಜಮಹಲಿಗೂ ಹೋಗುವ ಆಸೆ ಇದ್ದರೆ, ಅದಕ್ಕೆ ಶುಕ್ರವಾರ ರಜೆ. ನನ್ನ ಪ್ರಕಾರ ಗುರುವಾರ ತಲುಪಿ ಭಾನುವಾರ ರಾತ್ರಿ ಹೊರಡುವುದು ಚೆಂದದ ಲೆಕ್ಕ.

ಹೆಜ್ಜೆ 2: ಹೋಗುವುದು

ವಿಮಾನದಲ್ಲಿ ಎರಡೂ ಮುಕ್ಕಾಲು ಗಂಟೆ. ಆದರೆ ಗೆಳೆಯರ ಜೊತೆ ಒಂದು ಸಲವಾದರೂ ರೈಲಿನಲ್ಲೇ ಹೋಗಿ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಮೂರನೇ ದಿನ ಬೆಳಗ್ಗೆ ದಿಲ್ಲಿ. ಸುಮಾರು 2,400 ಕಿಲೋಮೀಟರ್. ರಾಯಚೂರು, ಕಲಬುರಗಿ, ಸೊಲ್ಲಾಪುರ, ಭೋಪಾಲ, ಝಾನ್ಸಿ, ಆಗ್ರಾ ಅಂತ ದೇಶದ ನಡುವೆಯೇ ಸೀಳಿಕೊಂಡು ಹೋಗುತ್ತೆ. ಬೆಂಗಳೂರು ರಾಜಧಾನಿ ಇದಕ್ಕಿಂತ ಬೇಗ ಮುಟ್ಟಿಸುತ್ತೆ, ದುಡ್ಡೂ ಹೆಚ್ಚು, ಇಳಿಯುವುದು ಹಜ್ರತ್ ನಿಜಾಮುದ್ದೀನ್ ಸ್ಟೇಷನ್‌ನಲ್ಲಿ. ಟಿಕೆಟ್ ಬುಕಿಂಗ್ 60 ದಿನ ಮುಂಚೆ ತೆರೆಯುತ್ತೆ. ಸ್ಲೀಪರ್ ಬೇಕಿದ್ದರೆ ಆ ಮೊದಲ ದಿನವೇ ಕೂತು ಮಾಡಿಬಿಡಿ. "ಇನ್ನೂ ಟೈಮಿದೆ ಮಗಾ" ಅನ್ನುವ ಗೆಳೆಯ ಪ್ರತಿ ಗುಂಪಲ್ಲೂ ಒಬ್ಬ ಇರ್ತಾನೆ, ಅವನ ಮಾತು ಕೇಳಬೇಡಿ.

ವಿಮಾನದಲ್ಲಿ ಹೋದರೆ ಟರ್ಮಿನಲ್ ನೋಡಿಕೊಳ್ಳಿ. ಟರ್ಮಿನಲ್ 3ರಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೋ ಇಪ್ಪತ್ತು ನಿಮಿಷದಲ್ಲಿ ನ್ಯೂ ದೆಲ್ಲಿ ಸ್ಟೇಷನ್‌ಗೆ ತಲುಪಿಸುತ್ತೆ. ಟರ್ಮಿನಲ್ 1ಕ್ಕೆ ಇಳಿದರೆ ಅಲ್ಲಿರುವುದು ಮಜೆಂಟಾ ಲೈನ್, ಅದು ಬೇರೆ ದಾರಿ.

ಹೆಜ್ಜೆ 3: ಉಳಿಯುವುದು

ಬ್ಯಾಗು ಹೊತ್ತು ತಿರುಗುವವರಿಗೆ ಪಹಾಡ್‌ಗಂಜ್ ಹಳೆಯ ಅಡ್ಡ. ನ್ಯೂ ದೆಲ್ಲಿ ಸ್ಟೇಷನ್‌ನ ಒಂದನೇ ಪ್ಲಾಟ್‌ಫಾರ್ಮ್ ಕಡೆಯಿಂದ ಹೊರಬಂದು ರಸ್ತೆ ದಾಟಿದರೆ ಮೇನ್ ಬಜಾರ್. ಏರ್‌ಪೋರ್ಟ್ ಮೆಟ್ರೋದಿಂದ ಬಂದವರು ಮಾತ್ರ ಅಜ್ಮೇರಿ ಗೇಟ್ ಕಡೆ, ಅಂದರೆ ಎದುರು ಬದಿಗೆ ಹೊರಬರ್ತಾರೆ. 16 ಪ್ಲಾಟ್‌ಫಾರ್ಮ್ ದಾಟಿ ಈ ಕಡೆ ಬರಬೇಕು.

ಗಲಾಟೆ ಇದೆ, ಕೊಳಕೂ ಇದೆ. ಆದರೂ ನಾನು ಅಲ್ಲೇ ಉಳಿಯಿರಿ ಅಂತೀನಿ. ಕಾರಣ ಸುಲಭ: ಹಳದಿ ಮೆಟ್ರೋ ಲೈನ್ ಕಾಲಬುಡದಲ್ಲಿದೆ. ಚಾಂದನಿ ಚೌಕದಿಂದ ಕುತುಬ್ ಮಿನಾರ್‌ವರೆಗೆ ನಿಮ್ಮ ಅರ್ಧ ದಿಲ್ಲಿ ಅದೊಂದೇ ಲೈನ್‌ನಲ್ಲಿ ಮುಗಿಯುತ್ತೆ. ಹುಡುಗಿಯರೇ ಇರುವ ಗುಂಪಾದರೆ, ರಾತ್ರಿ ಅಲ್ಲಿನ ಸಂದುಗಳು ಹಿತ ಅನಿಸಲಿಕ್ಕಿಲ್ಲ. ದಕ್ಷಿಣ ದಿಲ್ಲಿಯಲ್ಲಿ ಹಳದಿ ಲೈನ್‌ಗೆ ಹತ್ತಿರದ ಹಾಸ್ಟೆಲ್ ಹಿಡಿಯಿರಿ, ಸ್ವಲ್ಪ ಜಾಸ್ತಿ ಕೊಟ್ಟರೂ ಸರಿ.

ರೂಮಿನ ಫೋಟೋ ನಂಬಬೇಡಿ. ಒಂದು ಹೋಟೆಲ್‌ನ ಫೋಟೋದಲ್ಲಿ ನಾವು ನೋಡಿದ್ದ ಕಿಟಕಿ, ಹೋಗಿ ನೋಡಿದರೆ ಪರದೆ ಹಾಕಿದ ಗೋಡೆ. ಪರದೆ ಸರಿಸಿದವನ ಮುಖ ಇನ್ನೂ ನೆನಪಿದೆ. ಮೊದಲ ರಾತ್ರಿಗೆ ಮಾತ್ರ ದುಡ್ಡು ಕಟ್ಟಿ, ಚೆನ್ನಾಗಿದ್ದರೆ ಮುಂದುವರಿಸಿ.

ಸ್ಟೇಷನ್ ಹೊರಗೆ ಒಂದು ಹಳೆಯ ನಾಟಕ ನಡೆಯುತ್ತೆ, ತಿಳಿದಿರಲಿ. ಚೆನ್ನಾಗಿ ಬಟ್ಟೆ ಹಾಕಿದ ಒಬ್ಬ ಬಂದು "ನಿಮ್ಮ ಹೋಟೆಲ್ ಕಡೆ ರಸ್ತೆ ಬಂದ್ ಆಗಿದೆ" ಅಂತಲೋ, "ನಿಮ್ಮ ಟಿಕೆಟ್ ಕ್ಯಾನ್ಸಲ್ ಆಗಿದೆ, ಟೂರಿಸ್ಟ್ ಆಫೀಸಿಗೆ ಬನ್ನಿ" ಅಂತಲೋ ಹೇಳ್ತಾನೆ. ಆಫೀಸು ಅಂದರೆ ಯಾವುದೋ ಟ್ರಾವೆಲ್ ಅಂಗಡಿ. ಉತ್ತರ ಕೊಡಬೇಡಿ, ನಿಲ್ಲಬೇಡಿ, ಹೋಟೆಲ್‌ಗೆ ನೀವೇ ಫೋನ್ ಮಾಡಿ.

ಹೆಜ್ಜೆ 4: ಮೆಟ್ರೋ, ದುಡ್ಡು, ಕನ್ನಡ

ದಿಲ್ಲಿ ಮೆಟ್ರೋ ಓಡಲು ಶುರುವಾಗಿದ್ದು 2002ರ ಡಿಸೆಂಬರ್‌ನಲ್ಲಿ. ಈಗ ಊರನ್ನೆಲ್ಲ ಹೊಲಿದ ದಾರದ ಹಾಗೆ ಹರಡಿದೆ. 2025ರ ಆಗಸ್ಟ್‌ನಲ್ಲಿ ದರ ಏರಿಸಿದ ಮೇಲೆ ಕನಿಷ್ಠ 11 ರೂಪಾಯಿ, ಗರಿಷ್ಠ 64. ತಲೆಗೊಂದು ಸ್ಮಾರ್ಟ್ ಕಾರ್ಡ್ ತಗೊಳ್ಳಿ. ಪ್ರತಿ ಸಲ ಐದು ಟಿಕೆಟ್ ತೆಗೆಯುವ ಕ್ಯೂ ತಪ್ಪುತ್ತೆ, ದರದಲ್ಲಿ ಹತ್ತು ಪರ್ಸೆಂಟ್ ಕಡಿತವೂ ಇದೆ. ರೈಲು ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ ಮಾತ್ರ. ಗೊತ್ತಿಲ್ಲದೆ ಹತ್ತಿದ ಹುಡುಗರಿಗೆ ಬೈಗುಳದ ಜೊತೆ ದಂಡವೂ ಬೀಳುತ್ತೆ. ಬೆಳಗ್ಗೆ ಎಂಟರಿಂದ ಹತ್ತು, ಸಂಜೆ ಐದೂವರೆಯಿಂದ ಎಂಟು ರಾಜೀವ್ ಚೌಕ್ ಸ್ಟೇಷನ್‌ನಲ್ಲಿ ಲೈನ್ ಬದಲಿಸುವ ಸಾಹಸ ಬೇಡ. ಬದಲಿಸಲೇಬೇಕಿದ್ದರೆ ಬ್ಯಾಗನ್ನು ಬೆನ್ನಿನಿಂದ ತೆಗೆದು ಎದೆಗೆ ಹಾಕಿಕೊಳ್ಳಿ.

ದುಡ್ಡಿಗೆ ನಮ್ಮದೊಂದು ಪದ್ಧತಿ ಇದೆ. ಹೊರಡುವ ಮೊದಲೇ ಎಲ್ಲರೂ ಸಮ ಮೊತ್ತ ಒಬ್ಬನ ಕೈಗೆ ಹಾಕುವುದು. ಊಟ, ಆಟೋ, ಟಿಕೆಟ್ ಎಲ್ಲ ಅವನೇ ಕೊಡೋದು. ಖಾಲಿಯಾದಾಗ ಮತ್ತೆ ತುಂಬಿಸೋದು. "ಅವತ್ತಿನ ಚಾಯ್ ನಾನು ಕೊಟ್ಟಿದ್ದೆ" ಅನ್ನೋ ಜಗಳ ಹುಟ್ಟುವುದೇ ಇಲ್ಲ. ಈ ಕೆಲಸಕ್ಕೆ ಗುಂಪಿನ ಅತಿ ಜಿಪುಣನನ್ನು ಆರಿಸಿ. ಯುಪಿಐ ಎಲ್ಲ ಕಡೆ ನಡೆಯುತ್ತೆ. ಆದರೆ ಇ-ರಿಕ್ಷಾಕ್ಕೆ ಹತ್ತು ಇಪ್ಪತ್ತರ ಚಿಲ್ಲರೆ ನೋಟು ಇರಲಿ.

ಹಿಂದಿ ಬಾರದಿದ್ದರೂ ದಿಲ್ಲಿಯಲ್ಲಿ ಬದುಕಬಹುದು. "ಭೈಯ್ಯಾ, ಕಿತ್ನಾ?" ಇಷ್ಟು ಗೊತ್ತಿದ್ದರೆ ಸಾಕು. ಚೌಕಾಸಿ ಮಾಡುವಾಗ ನಿಮ್ಮೊಳಗೆ ಕನ್ನಡದಲ್ಲೇ ಮಾತಾಡಿಕೊಳ್ಳಿ, ಅದೇ ನಿಮ್ಮ ಗುಪ್ತ ಅಸ್ತ್ರ. ಅಂಗಡಿಯವನೂ ಬೆಂಗಳೂರಲ್ಲಿ ಹತ್ತು ವರ್ಷ ಇದ್ದು ಬಂದವನಾಗಿದ್ದರೆ ಮಾತ್ರ ಕಷ್ಟ. ನಮಗೆ ಜನಪಥ್‌ನಲ್ಲಿ ಹಾಗೇ ಆಯ್ತು. "ಇನ್ನೂರಕ್ಕೆ ಬರಲ್ಲ ಸಾರ್" ಅಂದ!

ಮೊದಲ ದಿನ: ಹೊಸ ದಿಲ್ಲಿ, ಸುಮ್ನೆ ನಡೆಯಲಿಕ್ಕೆ

ರೈಲಿನಿಂದ ಇಳಿದ ದಿನ ದೊಡ್ಡದೇನೂ ಇಟ್ಟುಕೊಳ್ಳಬೇಡಿ. ಸ್ನಾನ ಮಾಡಿ, ಒಂದು ಪ್ಲೇಟ್ ಛೋಲೆ ಭಟೂರೆ ತಿಂದು, ಮಧ್ಯಾಹ್ನ ಕನಾಟ್ ಪ್ಲೇಸ್‌ಗೆ ನಡೆದುಕೊಂಡೇ ಹೋಗಿ. ಅಲ್ಲಿಂದ ಜಂತರ್ ಮಂತರ್ ಹತ್ತಿರ. ಜೈಪುರದ ಸವಾಯಿ ಜೈಸಿಂಗ್ 1724ರಲ್ಲಿ ಕಟ್ಟಿಸಿದ ಆಕಾಶ ನೋಡುವ ಯಂತ್ರಗಳು. ಕಲ್ಲು ಗಾರೆಯಲ್ಲಿ ಕಟ್ಟಿದ ಗಡಿಯಾರ ಅಂದುಕೊಳ್ಳಿ. ಬಿಸಿಲಿರುವಾಗಲೇ ಹೋಗಬೇಕು, ನೆರಳು ಬಿದ್ದರೆ ತಾನೇ ಅದು ಕೆಲಸ ಮಾಡೋದು? ಹತ್ತಿರದಲ್ಲೇ ಹೇಲಿ ರಸ್ತೆಯ ಅಗ್ರಸೇನ್ ಕಿ ಬಾವೋಲಿ. ನೂರಕ್ಕೂ ಹೆಚ್ಚು ಮೆಟ್ಟಿಲ ಬಾವಿ, ಸುತ್ತ ಎತ್ತರದ ಕಟ್ಟಡಗಳು. ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂರಿ.

ಸಂಜೆ ಇಂಡಿಯಾ ಗೇಟ್. 42 ಮೀಟರ್ ಎತ್ತರದ ಈ ಕಮಾನು ಮುಗಿದದ್ದು 1931ರಲ್ಲಿ. ಎಲ್ಲರೂ ಅದರ ಮುಂದೆ ಫೋಟೋ ತೆಗೆದು ಹೊರಟುಬಿಡ್ತಾರೆ. ನೀವು ಹಿಂದಿನ ಛತ್ರಿ ಮಂಟಪಕ್ಕೂ ಹೋಗಿ. ಅಲ್ಲಿ ನೇತಾಜಿ ಸುಭಾಷಚಂದ್ರ ಬೋಸರ 28 ಅಡಿಯ ಕರಿಕಲ್ಲಿನ ಪ್ರತಿಮೆ ಇದೆ. ಕೆತ್ತಿದವರು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. 2022ರ ಸೆಪ್ಟೆಂಬರ್‌ನಲ್ಲಿ ಅನಾವರಣವಾಯಿತು. ಅಲ್ಲೇ ಪಕ್ಕದಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕ. ಪ್ರವೇಶ ಉಚಿತ. ಹುತಾತ್ಮರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ನಮ್ಮ ಗುಂಪಿನ ಕೊಡಗಿನ ಗೆಳೆಯ ಅಲ್ಲಿ ಒಂದೊಂದೇ ಹೆಸರು ಓದುತ್ತಾ ನಿಂತವನು ಒಂದು ಗಂಟೆ ಕದಲಲಿಲ್ಲ.

ರಾತ್ರಿ ಊಟಕ್ಕೆ ಬಂಗ್ಲಾ ಸಾಹಿಬ್ ಗುರುದ್ವಾರ. ಪಟೇಲ್ ಚೌಕ್ ಮೆಟ್ರೋಗೆ ಹತ್ತಿರ. ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆಗೆ ಬಟ್ಟೆ ಕಟ್ಟಿ ಒಳಗೆ ಹೋಗಬೇಕು. ಬಟ್ಟೆ ಅಲ್ಲೇ ಸಿಗುತ್ತೆ. ಲಂಗರ್‌ನಲ್ಲಿ ನೆಲದ ಮೇಲೆ ಸಾಲಾಗಿ ಕೂತು ದಾಲ್ ರೊಟ್ಟಿ. ಧರ್ಮಸ್ಥಳದ ಪಂಕ್ತಿ ನೆನಪಾಗದೆ ಇರಲ್ಲ. ರೊಟ್ಟಿಯನ್ನು ಎರಡೂ ಕೈ ಒಡ್ಡಿ ತಗೊಳ್ಳಬೇಕು, ಒಂದೇ ಕೈ ಚಾಚಬೇಡಿ. ಊಟ ಬಿಟ್ಟಿ ಅಂತ ಎದ್ದು ಬರಬೇಡಿ. ಅರ್ಧ ಗಂಟೆ ತಟ್ಟೆ ತೊಳೆಯಿರಿ ಇಲ್ಲವೇ ರೊಟ್ಟಿ ಲಟ್ಟಿಸಿ, ಯಾರು ಬೇಕಾದರೂ ಸೇವೆಗೆ ನಿಲ್ಲಬಹುದು. ನಮ್ಮ ರೊಟ್ಟಿಗಳು ಗುಂಡಗಿರಲಿಲ್ಲ. ಪಕ್ಕದ ಅಜ್ಜಿ ಒಂದೂ ಮಾತಾಡದೆ ಎಲ್ಲವನ್ನೂ ಮತ್ತೆ ಲಟ್ಟಿಸಿದರು.

ಎರಡನೇ ದಿನ: ಹಳೆ ದಿಲ್ಲಿ, ಹೊಟ್ಟೆ ಖಾಲಿ ಇಟ್ಟುಕೊಂಡು

ಇದು ನಾಲ್ಕರಲ್ಲಿ ನನಗೆ ಪ್ರೀತಿಯ ದಿನ. ಬೆಳಗ್ಗೆ ಏಳಕ್ಕೆಲ್ಲ ಚಾಂದನಿ ಚೌಕ್ ಮೆಟ್ರೋದಿಂದ ಹೊರಗೆ ಬನ್ನಿ. ಮಲಗುವವನನ್ನು ಮಲಗಲು ಬಿಡಿ, ಅವನು ಕೆಂಪುಕೋಟೆ ಹತ್ತಿರ ಬಂದು ಸೇರಲಿ. ಏಳು ಗಂಟೆಗೆ ರಸ್ತೆ ಖಾಲಿ, ಅಂಗಡಿಗಳು ಏಳುವುದು ಹನ್ನೊಂದಕ್ಕೆ. ಈ ಬೀದಿಯ ನಕ್ಷೆ ಹಾಕಿಸಿದ್ದು ಷಹಜಹಾನನ ಮಗಳು ಜಹಾನಾರಾ ಅಂತ ಹೇಳ್ತಾರೆ. ಒಂದೇ ರಸ್ತೆಯಲ್ಲಿ ಜೈನರ ಲಾಲ್ ಮಂದಿರ, ಸೀಸ್‌ಗಂಜ್ ಗುರುದ್ವಾರ, ಮಸೀದಿ ಎಲ್ಲ ಸಾಲಾಗಿ ಸಿಗುತ್ತವೆ. ಸೀಸ್‌ಗಂಜ್ ನಿಂತಿರುವುದು 1675ರಲ್ಲಿ ಗುರು ತೇಗ್ ಬಹಾದ್ದೂರರ ತಲೆ ಕಡಿದ ಜಾಗದಲ್ಲಿ.

ತಿಂಡಿಗೆ ಬೇಡ್ಮಿ ಪೂರಿ, ಆಲೂಗಡ್ಡೆ ಪಲ್ಯ. ಒಳಗೆ ಉದ್ದಿನಬೇಳೆ ತುಂಬಿದ ಪೂರಿ, ಖಾರದ ತೆಳು ಸಾರಿನಂಥ ಪಲ್ಯ. ಇಬ್ಬರಿಗೊಂದು ಪ್ಲೇಟ್ ಸಾಕು. ಇಡೀ ದಿನದ ಗುಟ್ಟೇ ಅದು: ಏನು ತಗೊಂಡರೂ ಐವರಿಗೆ ಎರಡು ಪ್ಲೇಟ್. ಇಲ್ಲದಿದ್ದರೆ ಹನ್ನೊಂದು ಗಂಟೆಗೇ ಹೊಟ್ಟೆ ತುಂಬಿ, ದರೀಬಾ ಗಲ್ಲಿಯ ಮೂಲೆಯ ತುಪ್ಪದ ದಪ್ಪ ಜಿಲೇಬಿಗೆ ಜಾಗ ಉಳಿಯಲ್ಲ. ಚಳಿಗಾಲದಲ್ಲಿ ಹೋದರೆ ದೌಲತ್ ಕಿ ಚಾಟ್ ಹುಡುಕಿ. ಹೆಸರಲ್ಲಿ ಚಾಟ್ ಇದ್ದರೂ ಅದು ಹಾಲಿನ ನೊರೆಯ ಸಿಹಿ. ಬಾಯಿಗಿಟ್ಟರೆ ಇಲ್ಲ. ಬೇಸಿಗೆಯಲ್ಲಿ ಸಿಗಲ್ಲ.

ಒಂಬತ್ತೂವರೆ ಹೊತ್ತಿಗೆ ಕೆಂಪುಕೋಟೆ ಬಾಗಿಲಲ್ಲಿರಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟಿಕೆಟ್ ತಗೊಂಡರೆ ಸಾಲು ತಪ್ಪುತ್ತೆ, ಕೆಲವು ರೂಪಾಯಿಯೂ ಉಳಿಯುತ್ತೆ. ಜನಜಂಗುಳಿಯಲ್ಲಿ ನೆಟ್‌ವರ್ಕ್ ಸಿಕ್ಕಿಹಾಕಿಕೊಳ್ಳೋದರಿಂದ ಹಿಂದಿನ ರಾತ್ರಿಯೇ ಆನ್‌ಲೈನ್‌ನಲ್ಲಿ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಷಹಜಹಾನ್ ಆಗ್ರಾದಿಂದ ರಾಜಧಾನಿ ಬದಲಿಸುವಾಗ ಕಟ್ಟಿಸಿದ ಕೋಟೆ ಇದು, 1648ರಲ್ಲಿ ಮುಗಿಯಿತು. ದಿವಾನ್-ಎ-ಖಾಸ್‌ನಲ್ಲಿದ್ದ ನವಿಲು ಸಿಂಹಾಸನವನ್ನು ನಾದಿರ್ ಷಾ 1739ರಲ್ಲಿ ಹೊತ್ತುಕೊಂಡು ಹೋದ. ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ 1945-46ರಲ್ಲಿ ನಡೆದದ್ದೂ ಇಲ್ಲೇ. ಮೊದಲ ದಿನ ನೇತಾಜಿ ಪ್ರತಿಮೆ ನೋಡಿದವರಿಗೆ ಇಲ್ಲಿನ ಅವರ ಮ್ಯೂಸಿಯಂ ಬೇರೆಯೇ ಆಗಿ ಕಾಣುತ್ತೆ. ಎರಡು ಗಂಟೆ ಸಾಕು.

ಆಮೇಲೆ ಜಾಮಾ ಮಸೀದಿ. 1656ರಲ್ಲಿ ಮುಗಿದದ್ದು. ನಮಾಜ್ ಹೊತ್ತಲ್ಲಿ ಬೇರೆಯವರಿಗೆ ಪ್ರವೇಶ ಇಲ್ಲ, ಶುಕ್ರವಾರ ಮಧ್ಯಾಹ್ನವಂತೂ ಬೇಡವೇ ಬೇಡ. ಗುರುವಾರ ತಲುಪಿದವರಿಗೆ ಎರಡನೇ ದಿನ ಶುಕ್ರವಾರವೇ ಬೀಳುತ್ತೆ, ಹಾಗಾದರೆ ಇದನ್ನೂ ಮೂರನೇ ದಿನವನ್ನೂ ಅದಲುಬದಲು ಮಾಡಿಕೊಳ್ಳಿ. ಚಡ್ಡಿ ಹಾಕಿಕೊಂಡು ಹೋಗಬೇಡಿ. ಮಿನಾರಿನ ಮೆಟ್ಟಿಲು ಇಕ್ಕಟ್ಟು, ಮೇಲೆ ನಾಲ್ಕು ಜನ ನಿಲ್ಲುವುದೂ ಕಷ್ಟ. ಆದರೆ ಹಳೆ ದಿಲ್ಲಿ ಪೂರ್ತಿ ಕಾಲಡಿ ಹಾಸಿದ ಹಾಗೆ ಕಾಣುತ್ತೆ. ಮಾಂಸ ತಿನ್ನುವವರು ಪಕ್ಕದ ಗಲ್ಲಿಯ ಕರೀಮ್ಸ್‌ನಲ್ಲಿ ಊಟ ಮಾಡಿ. 1913ರಿಂದ ಇದೆ.

ಇನ್ನೂ ಕಾಲಲ್ಲಿ ಬಲ ಇದ್ದರೆ ಖಾರಿ ಬಾವೋಲಿ, ಮಸಾಲೆ ಪೇಟೆ. ಮೂಟೆ ಹೊತ್ತವರಿಗೆ ದಾರಿ ಬಿಡದೆ ನಿಂತು ಫೋಟೋ ತೆಗೆಯಬೇಡಿ, ಅವರು ನಿಲ್ಲಲ್ಲ. ಬ್ಯಾಡಗಿ ಮಾರುಕಟ್ಟೆ ನೋಡಿದವರಿಗೂ ಇಲ್ಲಿನ ಮೆಣಸಿನ ಘಾಟಿಗೆ ಕೆಮ್ಮು ಬರುತ್ತೆ. ಮೂಗಿಗೆ ಕರ್ಚೀಫ್ ಇರಲಿ.

ಮೂರನೇ ದಿನ: ದಕ್ಷಿಣ

ಕುತುಬ್ ಮಿನಾರ್‌ಗೆ ಬೆಳಗ್ಗೆ ಬೇಗ ಹೋಗಿ. ಹತ್ತರ ಮೇಲೆ ಶಾಲೆ ಮಕ್ಕಳ ಬಸ್ಸುಗಳು ಬಂದರೆ ಮುಗೀತು. ಎತ್ತರ 72.5 ಮೀಟರ್. ಕುತ್ಬುದ್ದೀನ್ ಐಬಕ್ ಶುರು ಮಾಡಿದ, ಇಲ್ತಮಿಶ್ ಮುಂದುವರಿಸಿದ, ಸಿಡಿಲು ಬಡಿದ ಮೇಲೆ ಫಿರೋಜ್ ಷಾ ತುಘಲಕ್ ಮೇಲಿನ ಅಂತಸ್ತು ಕಟ್ಟಿಸಿದ. ಅದಕ್ಕೇ ತುದಿಯಲ್ಲಿ ಕಲ್ಲಿನ ಬಣ್ಣ ಬೇರೆ. ಒಳಗೆ ಹತ್ತಲು ಬಿಡಲ್ಲ. 1981ರಲ್ಲಿ ನೂಕುನುಗ್ಗಲಿನಲ್ಲಿ ಮಕ್ಕಳು ಸತ್ತ ಮೇಲೆ ಬಾಗಿಲು ಮುಚ್ಚಿತು.

ಅಂಗಳದ ಕಬ್ಬಿಣದ ಕಂಬದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಗುಪ್ತರ ಕಾಲದ್ದು, 7 ಮೀಟರಿಗಿಂತ ಎತ್ತರ, ತೂಕ ಆರು ಟನ್‌ಗೂ ಹೆಚ್ಚು. 1600 ವರ್ಷ ಮಳೆಯಲ್ಲಿ ನಿಂತರೂ ತುಕ್ಕು ತಿಂದಿಲ್ಲ. ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು, ಅದು ಮೈಮೇಲೆ ತೆಳು ಪದರವಾಗಿ ಕೂತು ಒಳಗಿನ ಲೋಹವನ್ನು ಕಾಯುತ್ತದೆ. ಕೊಡಚಾದ್ರಿ ಹತ್ತಿದವರು ಮೂಲ ಮೂಕಾಂಬಿಕೆ ಗುಡಿಯ ಮುಂದಿನ ಕಬ್ಬಿಣದ ಕಂಬ ನೋಡಿರ್ತೀರಿ. ಮಲೆನಾಡಿನ ಆ ಮಳೆಯಲ್ಲಿ ನಿಂತಿದೆಯಲ್ಲ, ಅದರ ಕತೆ ಯಾರೂ ಹೇಳಲ್ಲ ನೋಡಿ.

ಇಲ್ಲಿಂದ ಹೆಚ್ಚಿನವರು ಆಟೋ ಹತ್ತಿ ಹೋಗಿಬಿಡ್ತಾರೆ. ನೀವು ಪಕ್ಕದ ಮೆಹ್ರೌಲಿ ಆರ್ಕಿಯಾಲಜಿಕಲ್ ಪಾರ್ಕಿಗೆ ನಡೆಯಿರಿ. ಟಿಕೆಟ್ ಇಲ್ಲ, ಗದ್ದಲ ಇಲ್ಲ. ಪೊದೆಗಳ ನಡುವೆ ಬಲ್ಬನ್‌ನ ಗೋರಿ, ಜಮಾಲಿ ಕಮಾಲಿ ಮಸೀದಿ, ರಾಜೋಂ ಕಿ ಬಾವೋಲಿ. ಒಬ್ಬೊಬ್ಬರೇ ಚದುರಬೇಡಿ, ದಾರಿ ತಪ್ಪುತ್ತೆ. ಸಂಜೆ ಐಎನ್‌ಎ ಮೆಟ್ರೋ ಎದುರಿನ ದಿಲ್ಲಿ ಹಾಟ್‌ನಲ್ಲಿ ಬೇರೆ ಬೇರೆ ರಾಜ್ಯಗಳ ಊಟ. ನಾಗಾಲ್ಯಾಂಡ್, ಮಣಿಪುರದ ಕಡೆಯದ್ದು ತಿನ್ನಿ. ಮಸಾಲೆ ದೋಸೆ ಮುಂದೆ ಕ್ಯೂ ನಿಲ್ಲಬೇಡಿ, ಮನೆಗೆ ಹೋಗಿ ತಿನ್ನಬಹುದು.

ನಾಲ್ಕನೇ ದಿನ: ಎರಡು ದಾರಿ

ಕಟ್ಟಡ ಇಷ್ಟಪಡುವವರು ಹುಮಾಯೂನನ ಸಮಾಧಿಗೆ ಹೋಗಿ. ತಾಜಮಹಲಿಗಿಂತ ಎಂಬತ್ತು ವರ್ಷ ಮುಂಚಿನದು. ಗಂಡನಿಗಾಗಿ ಹೆಂಡತಿ ಕಟ್ಟಿಸಿದ್ದು, ಇದನ್ನು ಯಾಕೋ ಯಾರೂ ಪ್ರೇಮಸ್ಮಾರಕ ಅಂತ ಕರೆಯಲ್ಲ. ಪಕ್ಕದಲ್ಲೇ ಸುಂದರ್ ನರ್ಸರಿ. ಅಲ್ಲಿ ಹುಲ್ಲಿನ ಮೇಲೆ ಮಲಗಿ, ಮೂರು ದಿನದ ನಡಿಗೆಗೆ ಕಾಲು ಅದನ್ನೇ ಕೇಳ್ತಿರುತ್ತೆ. ಸಂಜೆ ನಿಜಾಮುದ್ದೀನ್ ದರ್ಗಾ. ಗುರುವಾರದ ಕವ್ವಾಲಿಗೆ ಹೆಸರುವಾಸಿ. ಅಮೀರ್ ಖುಸ್ರೋ ಗೋರಿ ಅದೇ ಆವರಣದಲ್ಲಿದೆ.

ಮನೆ ಊಟ ನೆನಪಾಗಿ ಕಂಗಾಲಾದವರಿಗೆ ಇನ್ನೊಂದು ದಾರಿ. ಪಿಂಕ್ ಲೈನ್ ಹಿಡಿದು 'ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್' ಸ್ಟೇಷನ್‌ನಲ್ಲಿ ಇಳಿಯಿರಿ. ಹೌದು, ನಮ್ಮ ಮುದ್ದೇನಹಳ್ಳಿಯವರೇ. ಹತ್ತಿರದ ರಾವ್ ತುಲಾರಾಂ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘ. ಕನ್ನಡ ಕೇಳಿ ನಾಲ್ಕು ದಿನವಾದ ಮೇಲೆ "ಏನ್ ಬೇಕು?" ಅನ್ನೋ ಎರಡೇ ಪದಕ್ಕೆ ಜೀವ ಬಂದ ಹಾಗಾಗುತ್ತೆ. ಅಲ್ಲಿಂದ ಆಟೋದಲ್ಲಿ ಚಾಣಕ್ಯಪುರಿಯ ರೈಲು ಮ್ಯೂಸಿಯಂಗೆ ಹೋಗಿ. ಮೈಸೂರು ಮಹಾರಾಜರ ಸಲೂನ್ ಬೋಗಿ ಅಲ್ಲಿದೆ. ಮಹಾರಾಣಿಯವರದ್ದು ಮೈಸೂರಿನ ರೈಲು ಮ್ಯೂಸಿಯಂನಲ್ಲಿ.

ಭಾನುವಾರವಾಗಿದ್ದರೆ ಬೆಳಗ್ಗೆ ಆಸಫ್ ಅಲಿ ರಸ್ತೆಯ ಮಹಿಳಾ ಹಾಟ್‌ನಲ್ಲಿ ಹಳೆ ಪುಸ್ತಕದ ಸಂತೆ. ಹಿಂದೆ ದರಿಯಾಗಂಜ್ ಫುಟ್‌ಪಾತಿನಲ್ಲಿ ನಡೆಯುತ್ತಿದ್ದದ್ದು. ಬ್ಯಾಗಿನ ತೂಕ ನೆನಪಿಟ್ಟುಕೊಂಡು ಕೊಳ್ಳಿ.

ಐದನೇ ದಿನ ಸಿಕ್ಕಿದರೆ ಮಾತ್ರ ಆಗ್ರಾ. ನಿಜಾಮುದ್ದೀನ್‌ನಿಂದ ಬೆಳಗ್ಗೆ ಗತಿಮಾನ್ ಎಕ್ಸ್‌ಪ್ರೆಸ್ ಹಿಡಿದರೆ ನೂರು ನಿಮಿಷದ ದಾರಿ.

ಹೊರಡುವ ಹೊತ್ತು

ರೂಮ್ ಖಾಲಿ ಮಾಡಿದ ಮೇಲೆ ಬ್ಯಾಗುಗಳನ್ನು ಹೋಟೆಲ್‌ನಲ್ಲೇ ಇಟ್ಟು ಹೋಗಿ, ಹೆಚ್ಚಿನವರು ಇಲ್ಲ ಅನ್ನಲ್ಲ. ಸ್ಟೇಷನ್ ಕ್ಲೋಕ್‌ರೂಮ್‌ನಲ್ಲಿ ಇಡುವುದಾದರೆ ಬ್ಯಾಗಿಗೆ ಬೀಗ ಬೇಕು, ಜೊತೆಗೆ ರೈಲು ಟಿಕೆಟ್ ತೋರಿಸಬೇಕು. ಬೀಗ ಮರೆತು ಬಂದವರಿಗೆ ಮಾರಲೆಂದೇ ಹೊರಗೆ ಒಬ್ಬ ಕೂತಿರ್ತಾನೆ, ಒಂದಕ್ಕೆ ಎರಡು ಬೆಲೆ.

ಟಿಕೆಟ್ ತೆಗೆದು ಸ್ಟೇಷನ್ ಹೆಸರು ಇನ್ನೊಂದು ಸಲ ಓದಿ. ಕರ್ನಾಟಕ ಎಕ್ಸ್‌ಪ್ರೆಸ್ ನ್ಯೂ ದೆಲ್ಲಿಯಿಂದ, ರಾಜಧಾನಿ ನಿಜಾಮುದ್ದೀನ್‌ನಿಂದ. ಎರಡರ ನಡುವೆ ಸಂಜೆಯ ಟ್ರಾಫಿಕ್ಕಿದೆ. ನಾವು ಒಮ್ಮೆ ಐದು ಜನ ತಪ್ಪು ಸ್ಟೇಷನ್‌ನಲ್ಲಿ ನಿಂತು, ಕೈಯಲ್ಲಿ ಜಿಲೇಬಿ ಡಬ್ಬಿ ಹಿಡಿದು, ಬೋರ್ಡಿನಲ್ಲಿ ನಮ್ಮ ರೈಲಿನ ಹೆಸರು ಹುಡುಕಿದ್ದೇ ಹುಡುಕಿದ್ದು. ಆಮೇಲೆ ಓಡಿ ಹತ್ತಿದೆವು ಅನ್ನಿ. ಡಬ್ಬಿ ಮಾತ್ರ ಆಟೋದಲ್ಲೇ ಉಳಿಯಿತು.